ಸೊಪ್ಪಿನ ಹೆಸರು ಹೇಳದ ಮದ್ದು

ಹೋದ ಮಳೆಗಾಲದಲ್ಲಿ ಹೊಸನಗರ ಕಡೆಯ ನಮ್ಮ ಚಿಕ್ಕಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಅವರ ಕೈಚೀಲದಲ್ಲಿ ಒಂದು ಪೊಟ್ಟಣವಿತ್ತು. ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಕಟ್ಟಿದ್ದು, ತಳದಲ್ಲಿ ಚಿಟಿಕೆಯಷ್ಟು ಕಂದು ಪುಡಿ. ಮೂಸಿದರೆ ಒಣಶುಂಠಿಯ ವಾಸನೆ. ಮಂಡಿನೋವಿಗೆಂದು ಆರು ತಿಂಗಳಿಂದ ಅದನ್ನು ಬೆಳಿಗ್ಗೆ ಸಂಜೆ ಜೇನಿನಲ್ಲಿ ಕಲಸಿ ನೆಕ್ಕುತ್ತಿದ್ದರು. ಶುರುಮಾಡಿದ ಮೂರೇ ದಿನಕ್ಕೆ ನೋವು ಹೋಗಿತ್ತು. ಹಸಿವೂ ಹೆಚ್ಚಿ, ಮುಖ ದುಂಡಗಾಗಿ, ‘ಈಗ ಮೈ ಕೈ ತುಂಬಿಕೊಂಡರು’ ಎಂದು ನಾವೆಲ್ಲ ಸಂತೋಷಪಟ್ಟಿದ್ದೆವು. ಮಳೆ ಹಿಡಿದು ಸಂತೆಗೆ ಹೋಗಲಾಗದೆ ಪುಡಿ ತಪ್ಪಿದ ವಾರದಲ್ಲಿ ಅವರಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ವಾಂತಿ, ತಲೆಸುತ್ತು, ರಕ್ತದೊತ್ತಡ ಪೂರ್ತಿ ಇಳಿದಿತ್ತು.

“ಏನು ಮದ್ದು ತೆಗೆದುಕೊಳ್ಳುತ್ತಿದ್ದೀರಿ, ಅಮ್ಮ?” ಎಂದು ಡಾಕ್ಟರ್ ಕೇಳಿದರು.

“ಹಳ್ಳಿ ಮದ್ದು. ಅದರಿಂದ ತೊಂದರೆ ಏನೂ ಇಲ್ಲ.”

“ಯಾವ ಗಿಡದ್ದು?”

“ಅದನ್ನು ಹೇಳುವುದಿಲ್ಲವಂತೆ. ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆ.”

ರಕ್ತಪರೀಕ್ಷೆಯಲ್ಲಿ ಕಾರ್ಟಿಸೋಲ್, ಅಂದರೆ ದೇಹವೇ ತಯಾರಿಸಿಕೊಳ್ಳುವ ಸ್ಟಿರಾಯ್ಡ್, ತೀರಾ ಕಡಿಮೆ ಬಂತು. ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸಿರಬೇಕೆಂದು ಡಾಕ್ಟರ್ ವಿವರಿಸಿದರು. ಹೊರಗಿನಿಂದ ದಿನವೂ ಸ್ಟಿರಾಯ್ಡ್ ಸಿಗುತ್ತಿದ್ದರೆ ದೇಹದ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿಬಿಡುತ್ತದೆ. ಆಮೇಲೆ ಹೊರಗಿನದು ಒಮ್ಮೆಗೇ ತಪ್ಪಿದರೆ ಜೀವಕ್ಕೇ ಅಪಾಯ. ಗಂಟುನೋವು, ಉಬ್ಬಸಗಳಿಗೆ ಮಾರುವ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂತಹ ಸ್ಟಿರಾಯ್ಡ್ ಸಿಕ್ಕ ಪ್ರಕರಣಗಳು ದೇಶದ ವೈದ್ಯಕೀಯ ಪತ್ರಿಕೆಗಳಲ್ಲಿ ಹಲವು ಬಾರಿ ವರದಿಯಾಗಿವೆ. ಚಿಕ್ಕಮ್ಮ ಉಳಿದರು. ಆದರೆ ಆ ದಿನದಿಂದ ‘ಹೆಸರು ಹೇಳಿದರೆ ಗುಣ ಹೋಗುತ್ತದೆ’ ಎಂಬ ಮಾತು ನನ್ನನ್ನು ಬಿಟ್ಟಿಲ್ಲ. ಮಲೆನಾಡಿನಲ್ಲಿ ಈ ಮಾತು ಕೇಳದೆ ಬೆಳೆದವರು ಯಾರಿದ್ದಾರೆ?

ಆ ಪುಡಿ ಕೊಟ್ಟವರು ಊರಿನ ನಾಟಿ ವೈದ್ಯರಲ್ಲ, ಸಂತೆಯಲ್ಲಿ ಟಾರ್ಪಾಲು ಹಾಸಿ ಕೂರುವ ತಿರುಗಾಟದ ಮಾರಾಟಗಾರರು. ಚಿಕ್ಕಮ್ಮನಿಗೆ ಆ ಭೇದವಿರಲಿಲ್ಲ. ಅಡುಗೆಮನೆಯ ಒಂದೆಲಗದ ತಂಬುಳಿ, ಮೂರು ತಲೆಮಾರಿನಿಂದ ಕಾಮಾಲೆಗೆ ಬೇರು ಅರೆದು ಕೊಡುವ ಮನೆ, ಐದೂವರೆ ವರ್ಷ ಓದಿ ಬಂದ ಆಯುರ್ವೇದ ವೈದ್ಯರು, ಕಾರ್ಖಾನೆಯ ಕ್ಯಾಪ್ಸೂಲು, ಸಂತೆಯ ಪುಡಿ ಇವೆಲ್ಲಕ್ಕೂ ನಾವು ‘ಹಳ್ಳಿ ಮದ್ದು’, ‘ಗಿಡಮೂಲಿಕೆ’ ಎಂಬ ಒಂದೇ ಹೆಸರು ಇಟ್ಟುಬಿಟ್ಟಿದ್ದೇವೆ. ತಂಬುಳಿಯ ಮೇಲಿನ ನಂಬಿಕೆಯಲ್ಲೇ ಸಂತೆಯ ಪುಡಿಯೂ ಮಾರಾಟವಾಗುತ್ತದೆ. ಗಿಡಮೂಲಿಕೆ ಸುರಕ್ಷಿತವೇ ಎಂಬ ಪ್ರಶ್ನೆಗೆ ಒಂದೇ ಉತ್ತರ ಹುಡುಕುವವರು ಇಲ್ಲಿಯೇ ಎಡವುತ್ತಾರೆ. ಯಾವ ಗಿಡ, ಯಾವ ಭಾಗ, ಎಷ್ಟು, ಎಷ್ಟು ದಿನ, ಜೊತೆಗೆ ಇನ್ನೇನು ಎಂದು ಕೇಳಬೇಕು. ಹೆಸರೇ ಗೊತ್ತಿಲ್ಲದಿದ್ದರೆ ಇದರಲ್ಲಿ ಒಂದನ್ನೂ ಕೇಳಲಾಗದು.

ಮನೆಯ ಹಿತ್ತಲಿನಿಂದಲೇ ಶುರುಮಾಡುತ್ತೇನೆ. ನಮ್ಮ ಬಚ್ಚಲು ಮನೆಯ ಹಿಂದೆ ಚಕ್ರಮುನಿಯ ಗಿಡವಿದೆ. ನಾಲ್ಕಾರು ಎಳೆಯ ಕುಡಿ ಕಿತ್ತು, ತುಪ್ಪದಲ್ಲಿ ಜೀರಿಗೆ ಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ಅರೆದು ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಹೀಗೆ ಉಂಡು ಕೆಟ್ಟವರಿಲ್ಲ. ಇದೇ ಸೊಪ್ಪನ್ನು 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ತೂಕ ಇಳಿಸುವ ಔಷಧವೆಂದು ಹಸಿಯಾಗಿ ರುಬ್ಬಿ, ಹಣ್ಣಿನ ರಸ ಸೇರಿಸಿ, ಲೋಟಗಟ್ಟಲೆ, ವಾರಗಟ್ಟಲೆ ಕುಡಿದರು. ನೂರಾರು ಮಂದಿಗೆ ಉಸಿರು ಕಟ್ಟತೊಡಗಿತು. ಶ್ವಾಸಕೋಶದ ಸಣ್ಣ ನಾಳಗಳು ಗಾಯಗೊಂಡು ಶಾಶ್ವತವಾಗಿ ಮುಚ್ಚಿಕೊಂಡಿದ್ದವು. ಕೆಲವರಿಗೆ ಶ್ವಾಸಕೋಶದ ಕಸಿ ಮಾಡಬೇಕಾಯಿತು, ಕೆಲವರು ತೀರಿಕೊಂಡರು. ಗಿಡ ಒಂದೇ. ಬೇಯಿಸುವುದು, ಪ್ರಮಾಣ, ದಿನಗಳ ಲೆಕ್ಕ ಬೇರೆ. ನಮ್ಮ ಅಜ್ಜಿಯರು ಬಾಡಿಸದೆ ಅರೆಯುತ್ತಿರಲಿಲ್ಲ. ಏಕೆಂದು ಕೇಳಿದರೆ ‘ಹಸಿ ವಾಸನೆ ಹೋಗಲಿ’ ಎನ್ನುತ್ತಿದ್ದರು.

ಉಪ್ಪಾಗೆಯ ಕಥೆಯೂ ಇದೇ ಹಾದಿಯದು. ಸಾಗರ, ಸಿದ್ದಾಪುರ, ಶಿರಸಿಯ ಕಾಡಂಚಿನ ಮನೆಗಳಲ್ಲಿ ಉಪ್ಪಾಗೆಯ ಒಣಸಿಪ್ಪೆ ಸಾರಿನ ಹುಳಿಯಾಗಿ, ಬೀಜದ ತುಪ್ಪ ದೋಸೆಗೆ ಬಳಕೆಯಾಗುತ್ತಾ ಬಂದಿದೆ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬು ಕರಗಿಸುತ್ತದೆಂಬ ಸುದ್ದಿ ಹಬ್ಬಿದ ಮೇಲೆ ವ್ಯಾಪಾರಿಗಳು ಹಳ್ಳಿಗೆ ಬಂದರು, ಮರದ ಕೊಂಬೆಗಳನ್ನೇ ಕಡಿದು ಹಣ್ಣು ಕೊಯ್ಯುವ ಕಾಲ ಬಂತು. ಅದರ ಸಾರ ತುಂಬಿದ ಕ್ಯಾಪ್ಸೂಲುಗಳನ್ನು ನುಂಗಿ ಯಕೃತ್ತು ಕೆಟ್ಟವರ ಪ್ರಕರಣಗಳು ಅಮೆರಿಕದಲ್ಲಿ ಈಗ ದಾಖಲಾಗಿವೆ. ಸಾರಿಗೆ ಎರಡು ಎಸಳು ಹಾಕುವವರು ಇದರಿಂದ ಹೆದರಬೇಕಾಗಿಲ್ಲ.

ಅರಿಶಿನ ಕೂಡ ಹಾಗೆಯೇ. ಕರಿಮೆಣಸಿನ ಪೈಪರಿನ್ ಸೇರಿಸಿದರೆ ಅರಿಶಿನದ ಕುರ್ಕುಮಿನ್ ಮನುಷ್ಯರ ರಕ್ತಕ್ಕೆ 20 ಪಟ್ಟು ಹೆಚ್ಚು ಸೇರುತ್ತದೆಂದು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು. ಇಂದು ಅಂಗಡಿಯ ಅರಿಶಿನದ ಕ್ಯಾಪ್ಸೂಲುಗಳ ಮೇಲೆ ಆ ಶೋಧವನ್ನೇ ಹೆಮ್ಮೆಯಿಂದ ಮುದ್ರಿಸಿರುತ್ತಾರೆ. ರಕ್ತಕ್ಕೆ ಹೆಚ್ಚು ಸೇರಿದ್ದು ಯಕೃತ್ತಿಗೂ ಹೆಚ್ಚು ತಲುಪುತ್ತದೆಂದು ಯಾರೂ ಮುದ್ರಿಸುವುದಿಲ್ಲ. ಅಮೆರಿಕದ ಯಕೃತ್ ತಜ್ಞರ ಜಾಲವೊಂದು 2022ರಲ್ಲಿ ಅರಿಶಿನದ ಗುಳಿಗೆಗಳಿಂದಾದ 10 ಪ್ರಕರಣಗಳನ್ನು ವರದಿ ಮಾಡಿತು. ಆ ಹತ್ತರಲ್ಲಿ 7 ಮಂದಿಯ ದೇಹದಲ್ಲಿ ಒಂದೇ ಬಗೆಯ ವಂಶವಾಹಿ ಇತ್ತು. ಅಂದರೆ ಸಾವಿರಾರು ಜನರಿಗೆ ಏನೂ ಆಗದ ವಸ್ತು, ಹುಟ್ಟಿನಿಂದಲೇ ಬೇರೆ ಮೈಗುಣವಿರುವ ಯಾರೋ ಒಬ್ಬರನ್ನು ಕೆಡವಬಹುದು.

ಈಗ ನಾಟಿ ವೈದ್ಯರ ಜಗಲಿಗೆ ಬರೋಣ. ಅವರ ಬಗ್ಗೆ ನನಗೆ ಗೌರವವಿದೆ. ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೆ ಎದ್ದು ಬಂದವರು ಅವರು. ಎಲೆ ಅಡಿಕೆಯ ಮೇಲೆ ಒಂದು ನಾಣ್ಯ ಇಟ್ಟರೆ ಸಾಕೆನ್ನುವ ಮನೆಗಳು ಇಂದಿಗೂ ಇವೆ. ಕಾಡಿನ ಗಿಡವನ್ನು ಹೂವಿಲ್ಲದ ಕಾಲದಲ್ಲೂ ಎಲೆಯ ನರ, ತೊಗಟೆಯ ವಾಸನೆಯಿಂದಲೇ ಗುರುತಿಸಬಲ್ಲ ಕಣ್ಣು ಅವರದು. ಪದವಿ ಪಡೆದ ಎಷ್ಟೋ ಮಂದಿಗೆ ಆ ಕಣ್ಣಿಲ್ಲ. ‘ನಮ್ಮ ಅಜ್ಜನ ಕಾಲದಿಂದ ಕೊಡುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ’ ಎಂದು ಅವರು ಹೇಳುವುದು ಸುಳ್ಳೂ ಅಲ್ಲ. ಅನುಭವ ಯಾವುದನ್ನು ಹಿಡಿಯಬಲ್ಲದು, ಯಾವುದು ಅದರ ಕೈಗೆ ಸಿಗದೆ ಜಾರುತ್ತದೆ ಎಂಬುದೇ ಇಲ್ಲಿ ಮುಖ್ಯ.

ಮದ್ದು ಕುಡಿದ ಗಳಿಗೆಯಲ್ಲೇ ವಾಂತಿಯಾದರೆ, ಅಂದೇ ರಾತ್ರಿ ಸೆಳೆತ ಬಂದರೆ, ಅನುಭವ ಅದನ್ನು ಮರೆಯುವುದಿಲ್ಲ. ಹಾಗಾಗಿಯೇ ಹಳಬರಿಗೆ ವತ್ಸನಾಭಿ, ಕಾಸರಕ, ಗುಲಗಂಜಿ, ದತ್ತೂರಿ, ಗೌರಿಹೂವಿನ ಗೆಡ್ಡೆ ಎಲ್ಲವೂ ವಿಷವೆಂದು ಚೆನ್ನಾಗಿ ಗೊತ್ತಿತ್ತು. ಅವನ್ನು ಹಾಲಿನಲ್ಲೋ ಗೋಮೂತ್ರದಲ್ಲೋ ಬೇಯಿಸಿ ಶುದ್ಧಿ ಮಾಡುವ ಕ್ರಮ ಹುಟ್ಟಿದ್ದೂ ಅದರಿಂದಲೇ; ಕುದಿಸಿದಾಗ ವತ್ಸನಾಭಿಯ ಅಕೊನಿಟಿನ್ ಒಡೆದು ಕಡಿಮೆ ವಿಷದ ವಸ್ತುವಾಗುತ್ತದೆಂದು ರಸಾಯನಶಾಸ್ತ್ರವೂ ಒಪ್ಪುತ್ತದೆ. ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ ಈ ಐದೂ ಇವೆ. ಇವುಗಳಿರುವ ಔಷಧದ ಲೇಬಲ್ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಕಡ್ಡಾಯ.

ನಿಧಾನವಾಗಿ ಕೊಲ್ಲುವುದನ್ನು ಮಾತ್ರ ಯಾವ ಅಜ್ಜನ ಅನುಭವವೂ ಹಿಡಿಯಲಾರದು. ಈಶ್ವರಿ ಬಳ್ಳಿ ಇದಕ್ಕೆ ಸಾಕ್ಷಿ. ಹಾವು ಕಚ್ಚಿದರೆ, ಮಕ್ಕಳಿಗೆ ಹೊಟ್ಟೆನೋವು ಬಂದರೆ, ಬಹಳ ಕಾಲದಿಂದ ಬಳಸುತ್ತಾ ಬಂದ ಬಳ್ಳಿ ಇದು. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ಇದೇ ಕುಲದ ಬಳ್ಳಿಗಳ ಎಲೆ ತಿಂದು, ಅದರ ವಿಷವನ್ನೇ ಮೈಯಲ್ಲಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಆ ವಿಷ ಅರಿಸ್ಟೊಲೋಕಿಕ್ ಆಮ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಹೋದ ನೂರಕ್ಕೂ ಹೆಚ್ಚು ಮಂದಿಗೆ, ಹೆಚ್ಚಿನವರು ಹೆಂಗಸರು, ಮೂತ್ರಪಿಂಡ ಹಾಳಾಯಿತು. ವಿಚಾರಿಸಿದಾಗ, ಗುಳಿಗೆಗೆ ಹಾಕಬೇಕಿದ್ದ ಚೀನೀ ಬೇರಿನ ಬದಲು ಹೆಸರಿನ ಗೊಂದಲದಿಂದ ಈಶ್ವರಿಯ ಕುಲದ ಬೇರೊಂದು ಬೇರು ಸೇರಿತ್ತು. ಅವರಲ್ಲಿ ಹಲವರಿಗೆ ವರ್ಷಗಳ ನಂತರ ಮೂತ್ರನಾಳದ ಕ್ಯಾನ್ಸರ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ತಂಬಾಕಿನ ಸಾಲಿನಲ್ಲೇ, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿನಲ್ಲಿ ಇಟ್ಟಿದೆ.

ಈಗ ಯೋಚಿಸಿ. ಈಶ್ವರಿ ಬೇರಿನ ಕಷಾಯ ಕುಡಿದು ಹೊಟ್ಟೆನೋವು ವಾಸಿಯಾದವರು ಮರುದಿನವೇ ವೈದ್ಯರ ಮನೆಗೆ ಬಾಳೆಗೊನೆ ತಂದುಕೊಡುತ್ತಾರೆ. ಹತ್ತು ವರ್ಷದ ನಂತರ ಡಯಾಲಿಸಿಸ್‌ಗೆ ಮಲಗಿದವರು ಆ ಕಷಾಯವನ್ನು ನೆನಪಿಸಿಕೊಳ್ಳುವುದೂ ಇಲ್ಲ, ವೈದ್ಯರಿಗೆ ಸುದ್ದಿ ಮುಟ್ಟುವುದೂ ಇಲ್ಲ. ವೈದ್ಯರು ಪ್ರಾಮಾಣಿಕರೇ, ಅವರ ಜಗಲಿಗೆ ಹಿಂದಿರುಗಿ ಬಂದದ್ದು ಗುಣವಾದವರ ಮುಖ ಮಾತ್ರ.

ಗುಣವಾದವರಲ್ಲೂ ಒಂದು ಲೆಕ್ಕವಿದೆ. ಕಾಮಾಲೆಯಲ್ಲಿ ಸಾಮಾನ್ಯವಾದ ಹೆಪಟೈಟಿಸ್ ಎ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಸರ್ಪಸುತ್ತು ಎರಡರಿಂದ ನಾಲ್ಕು ವಾರದಲ್ಲಿ ಒಣಗುತ್ತದೆ. ವಿಷದ ಹಾವು ಕಚ್ಚಿದರೂ ಪ್ರತಿ ಸಲ ವಿಷ ಇಳಿಸುವುದಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆಯ ನಡೆಯಂತೂ ಮೋಸದ್ದು: ವಾರ ಹತ್ತು ದಿನ ಜ್ವರ ಸುಟ್ಟು, ತಾನಾಗಿಯೇ ಬಿಟ್ಟು, ಕೆಲವರಲ್ಲಿ ಒಂದೆರಡು ವಾರದ ನಂತರ ತಲೆನೋವು, ನಡುಕ, ಅರೆಪ್ರಜ್ಞೆಯೊಂದಿಗೆ ಮರಳುತ್ತದೆ. ಮೊದಲ ಜ್ವರ ಬಿಟ್ಟ ದಿನ ಕೈಯಲ್ಲಿ ಯಾವ ಕಷಾಯವಿತ್ತೋ ಅದಕ್ಕೆ ಹೆಸರು ಬರುತ್ತದೆ. ಗದ್ದೆಯ ಕೆಸರಿನಲ್ಲಿ ಹತ್ತುವ ಇಲಿಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ. ಅದನ್ನು ಕಾಮಾಲೆಯೆಂದು ಪಥ್ಯ ಹಿಡಿದು ಕೂತರೆ, ಆಂಟಿಬಯೋಟಿಕ್‌ನಿಂದ ಉಳಿಯಬಹುದಾಗಿದ್ದ ಜೀವ ಹೋಗುತ್ತದೆ. ಇಂತಹ ಸಾವು ಗಿಡದ ವಿಷದಿಂದಾದದ್ದಲ್ಲ, ಕಳೆದುಹೋದ ದಿನಗಳಿಂದಾದದ್ದು. ಮಲೆನಾಡಿನಲ್ಲಿ ದೊಡ್ಡ ಅಪಾಯ ಇದೇ ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಪರೀಕ್ಷೆ ಮಾಡಿ ನೋಡಿಲ್ಲವೇ? ನೋಡಿದ್ದಾರೆ. ನೆಲನೆಲ್ಲಿಯ ಮೇಲೆ ಮದ್ರಾಸಿನ ಸಂಶೋಧಕರು ನಡೆಸಿದ ಪ್ರಯೋಗ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಪಟೈಟಿಸ್ ಬಿ ವೈರಸ್ ಹೊತ್ತವರಲ್ಲಿ ನೆಲನೆಲ್ಲಿ ಸೇವಿಸಿದ 37 ಮಂದಿಯ ಪೈಕಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಔಷಧವಿಲ್ಲದ ಹುಸಿ ಗುಳಿಗೆ ಪಡೆದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಜಗತ್ತು ತಿರುಗಿ ನೋಡಿತು. ಆದರೆ ಮುಂದೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಆ ಫಲಿತಾಂಶ ಮರುಕಳಿಸಲಿಲ್ಲ. ಗಿಡದ ಪ್ರಭೇದ ಬೇರೆಯಿತ್ತೇ, ಬೆಳೆದ ನೆಲ ಬೇರೆಯಿತ್ತೇ ಎಂಬ ಚರ್ಚೆ ನಡೆಯಿತು. ನಮ್ಮ ಗದ್ದೆಯಂಚಿನಲ್ಲೇ ನೆಲನೆಲ್ಲಿ ಎಂದು ಕರೆಸಿಕೊಳ್ಳುವ, ನೋಡಲು ಒಂದೇ ತರಹದ ಗಿಡಗಳು ಮೂರ್ನಾಲ್ಕಿವೆ. ಮತ್ತೆ ಹೆಸರಿನ ಪ್ರಶ್ನೆಗೇ ಬಂದು ನಿಂತೆವು.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ವಿಷಯದಲ್ಲೂ ಹೀಗೇ ಆಯಿತು. ಮುಂಬೈಯ ವೈದ್ಯರು 2021ರಲ್ಲಿ 6 ಮಂದಿಯ, ಮರುವರ್ಷ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ 43 ಮಂದಿಯ ಯಕೃತ್ತಿನ ಹಾನಿಯನ್ನು ಅಮೃತಬಳ್ಳಿಯೊಂದಿಗೆ ಜೋಡಿಸಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅದೇ ರೂಪದ ಇನ್ನೊಂದು ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದು ಎಂದಿತು. ಇಬ್ಬರ ವಾದವನ್ನೂ ಓದಿದ ಮೇಲೆ ನನಗೆ ಕಾಣುವುದು ಇಷ್ಟು: ಬಳ್ಳಿ ತಪ್ಪಾಗಿದ್ದರೂ, ಸರಿಯಾಗಿದ್ದು ಕೆಲವರ ಮೈಗೆ ಒಗ್ಗದಿದ್ದರೂ, ಹಳದಿ ಕಣ್ಣಿನೊಂದಿಗೆ ಆಸ್ಪತ್ರೆಗೆ ಬಂದವರಿಗೆ ವ್ಯತ್ಯಾಸವಿಲ್ಲ. ತಿಂಗಳುಗಟ್ಟಲೆ ದಿನವೂ ಕಷಾಯ ಕುಡಿಯಿರಿ ಎಂದು ಹೇಳುವವರು ಬಳ್ಳಿಯ ಗುರುತಿಗೂ ಹೊಣೆಯಾಗಬೇಕು. ಘಟ್ಟದ ಕೆಳಗೆ ಆಟಿ ಅಮಾವಾಸ್ಯೆಯಂದು ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುವವರು, ಕತ್ತಲಲ್ಲಿ ಕಾಸರಕದ ತೊಗಟೆ ತಂದೀರಿ, ಮರವನ್ನು ಹಿಂದಿನ ದಿನವೇ ಗುರುತು ಮಾಡಿಟ್ಟುಕೊಳ್ಳಿ ಎಂದು ಒಬ್ಬರಿಗೊಬ್ಬರು ಎಚ್ಚರಿಸುತ್ತಾರೆ. ಆ ವಿವೇಕ ಅಂಗಡಿಯ ಬಾಟಲಿಗೂ ಬೇಕು.

ಕ್ಯಾನ್ಸರ್ ಬಗ್ಗೆ ಹೇಳದೆ ಶಿವಮೊಗ್ಗ ಜಿಲ್ಲೆಯಲ್ಲಿ ಈ ವಿಷಯ ಮುಗಿಯದು. ಆನಂದಪುರದ ಬಳಿಯ ನರಸೀಪುರದಲ್ಲಿ ವೈದ್ಯ ನಾರಾಯಣ ಮೂರ್ತಿ ಅವರು ಮರದ ಚಕ್ಕೆಯ ಔಷಧ ಕೊಡುತ್ತಿದ್ದರು. 2020ರಲ್ಲಿ ಅವರು ತೀರಿಕೊಂಡರು. ಗುರುವಾರ, ಭಾನುವಾರ ದೇಶದ ಮೂಲೆಮೂಲೆಯಿಂದ ಬಂದವರು ರಾತ್ರಿಯಿಂದಲೇ ಅಲ್ಲಿ ಸಾಲಿನಲ್ಲಿ ಕೂರುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ಆಸ್ಪತ್ರೆಗಳು ಕೈಬಿಟ್ಟವರು, ಹಣ ಮುಗಿದವರು. ಅವರ ಭರವಸೆಯನ್ನು ಹಗುರಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಮರದ ತೊಗಟೆಯಿಂದ ಕ್ಯಾನ್ಸರ್ ಔಷಧವೇ ಎಂದು ಮೂಗು ಮುರಿಯುವವರಿಗೂ ಉತ್ತರ ನಮ್ಮ ಕಾಡಿನಲ್ಲೇ ಇದೆ. ಘಟ್ಟದ ಕಾಡಿನಲ್ಲಿ ದುರ್ವಾಸನೆ ಮರ ಎಂದು ಕರೆಸಿಕೊಳ್ಳುವ ಒಂದು ಸಣ್ಣ ಮರವಿದೆ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಹೇರಳವಾಗಿದೆ. ಈ ವಸ್ತುವನ್ನು 1966ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಚೀನೀ ಮರದಿಂದ ಬೇರ್ಪಡಿಸಿದ್ದರು. 1972ರಲ್ಲಿ ಅದು ನಮ್ಮ ಮರದಲ್ಲೂ ಸಿಕ್ಕಿತು. ಗಡ್ಡೆಗಳನ್ನು ಕುಗ್ಗಿಸುವ ಶಕ್ತಿ ಅದಕ್ಕಿತ್ತು. ಆದರೆ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವವಾಗುವಂತಹ ತೀವ್ರ ತೊಂದರೆ ಕಂಡು 1970ರ ದಶಕದ ಆರಂಭದಲ್ಲಿ ಪ್ರಯೋಗ ನಿಲ್ಲಿಸಿದರು. ಅದರ ಅಣುರಚನೆಯನ್ನು ಸ್ವಲ್ಪಸ್ವಲ್ಪವೇ ಬದಲಿಸಿ, ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಎಂಬ ಔಷಧಗಳಾಗಿ ಅನುಮತಿ ಪಡೆಯುವ ಹೊತ್ತಿಗೆ 1996 ಬಂದಿತ್ತು. ತೊಗಟೆಯಲ್ಲಿ ಶಕ್ತಿ ಇರುವುದು ನಿಜ; ಶಕ್ತಿ ಇದ್ದಲ್ಲಿ ವಿಷವೂ ಇರುವುದರಿಂದ, ಎರಡನ್ನೂ ಬಿಡಿಸಲು 30 ವರ್ಷ ಹಿಡಿಯಿತು.

ಗುಣವಾಗಬಲ್ಲ ಹಂತದ ಕ್ಯಾನ್ಸರ್ ಇದ್ದೂ ಪರ್ಯಾಯ ಚಿಕಿತ್ಸೆಯನ್ನು ಮಾತ್ರ ಆಯ್ದುಕೊಂಡ 281 ಮಂದಿಯನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು, ರೂಢಿಯ ಚಿಕಿತ್ಸೆ ಪಡೆದವರೊಂದಿಗೆ ಹೋಲಿಸಿದರು. ಸಾವಿನ ಅಪಾಯ ಎರಡೂವರೆ ಪಟ್ಟು ಹೆಚ್ಚಿತ್ತು. ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಮೀರಿ. ಎದೆಯಲ್ಲಿ ಸಣ್ಣ ಗಂಟು ಕಂಡ ಹೆಣ್ಣುಮಗಳು ಶಸ್ತ್ರಚಿಕಿತ್ಸೆಗೆ ಹೆದರಿ ಮೊದಲು ಚಕ್ಕೆಯನ್ನು ನೋಡೋಣ ಎಂದು ಆರು ತಿಂಗಳು ಕಾದರೆ, ಆ ಆರು ತಿಂಗಳನ್ನು ಯಾರೂ ಮರಳಿ ಕೊಡಲಾರರು.

ಕಾನೂನಿನ ಮಾತು ಚುಟುಕಾಗಿ. ಮಾನ್ಯ ವಿದ್ಯಾರ್ಹತೆಯಿಲ್ಲದವರು ಪರಂಪರೆಯ ಆಧಾರದ ಮೇಲೆ ವೈದ್ಯವೃತ್ತಿ ನಡೆಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಏಪ್ರಿಲ್‌ನಲ್ಲಿ ಕೇರಳದ ಪಾರಂಪರಿಕ ವೈದ್ಯರ ಪ್ರಕರಣದಲ್ಲಿ ಹೇಳಿತು. ತೀರ್ಪಿನ ನಂತರವೂ ಜಗಲಿಗಳು ಮುಚ್ಚಲಿಲ್ಲ. ಅವು ಇನ್ನಷ್ಟು ಗುಟ್ಟಿನವಾದವು. ಇತ್ತ ಲೈಸೆನ್ಸ್ ಇರುವ ಆಯುರ್ವೇದ ಕಾರ್ಖಾನೆಗೆ, ಔಷಧ ನಿಯಮಗಳಿಗೆ 2010ರಲ್ಲಿ ಸೇರಿದ 158ಬಿ ನಿಯಮದಂತೆ, ಪ್ರಾಚೀನ ಗ್ರಂಥದಲ್ಲಿರುವ ಮದ್ದನ್ನು ಅದೇ ರೋಗಕ್ಕೆ ತಯಾರಿಸಿದರೆ ಹೊಸ ಸುರಕ್ಷತಾ ಅಧ್ಯಯನ ಬೇಕಿಲ್ಲ. ಗ್ರಂಥದ ಕಾಲದ ಮನುಷ್ಯ ಸಕ್ಕರೆ ಕಾಯಿಲೆಯ ಗುಳಿಗೆ, ರಕ್ತ ತಿಳಿಮಾಡುವ ಗುಳಿಗೆ, ಕ್ಷಯದ ಗುಳಿಗೆಗಳ ಜೊತೆ ಕಷಾಯ ಕುಡಿಯುತ್ತಿರಲಿಲ್ಲ. ಇಂದಿನವರು ಕುಡಿಯುತ್ತಾರೆ. ಅಂತರ್ಜಾಲದಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತೆಂದು 2008ರಲ್ಲಿ ವರದಿಯಾಯಿತು. ಅಮೆರಿಕದಲ್ಲೇ ತಯಾರಾದವೂ ಅದಕ್ಕೆ ಹೊರತಾಗಿರಲಿಲ್ಲ.

ನಾಟಿ ವೈದ್ಯರನ್ನು ಪೊಲೀಸರಿಗೆ ಹಿಡಿದುಕೊಡುವುದರಿಂದ ನಮಗೆ ಸಿಗುವುದೇನೂ ಇಲ್ಲ; ಅವರೊಂದಿಗೆ ಗಿಡದ ಗುರುತೂ ಹೋಗುತ್ತದೆ. ಪಾರಂಪರಿಕ ವೈದ್ಯರ ಜ್ಞಾನವನ್ನು ಪರೀಕ್ಷಿಸಿ ಸ್ವಯಂಪ್ರೇರಿತ ಪ್ರಮಾಣಪತ್ರ ಕೊಡುವ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಯೋಜನೆ ಸರಿಯಾದ ದಿಕ್ಕಿನದು. ಆಯುಷ್ ಔಷಧಗಳ ಅಡ್ಡಪರಿಣಾಮಗಳನ್ನು ದಾಖಲಿಸಲು ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯನ್ನು ಕೇಂದ್ರವಾಗಿಟ್ಟ ಒಂದು ಜಾಲವೂ ಇದೆ. ಅದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಜಗಲಿಗೆ ತಲುಪಬೇಕು. ಹೆಸರು ಹೇಳಿದ ವೈದ್ಯರಿಗೆ ಶಿಕ್ಷೆಯ ಭಯ, ಮದ್ದನ್ನು ಯಾರೋ ಕದಿಯುವ ಭಯ ಇರಬಾರದು. ಇತ್ತ ಆಸ್ಪತ್ರೆಯ ವೈದ್ಯರೂ ಗದರದೆ ಕೇಳುವುದನ್ನು ಕಲಿಯಬೇಕು. ಚಿಕ್ಕಮ್ಮ ಆ ದಿನ ಬಾಯಿಬಿಟ್ಟದ್ದು ಡಾಕ್ಟರ್ ‘ಅಮ್ಮ’ ಎಂದು ಕರೆದದ್ದಕ್ಕೆ.

ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಹಿರಿಯ ನಾಟಿ ವೈದ್ಯರು ನನಗೆ ತಮ್ಮ ಪುಸ್ತಕ ತೋರಿಸಿದರು. ಉದ್ದ ಹಾಳೆಯ ಲೆಕ್ಕದ ಪುಸ್ತಕ. ಬಂದವರ ಹೆಸರು, ಊರು, ಫೋನ್ ನಂಬರ್, ಕೊಟ್ಟ ಬೇರು, ತೂಕ, ದಿನ. ಕಾಮಾಲೆಯವರು ರಕ್ತಪರೀಕ್ಷೆಯ ಚೀಟಿ ತರದೆ ಬಂದರೆ ಅವರು ಮದ್ದು ಕೊಡುವುದಿಲ್ಲ. ಗರ್ಭಿಣಿಯರಿಗೆ ಏನನ್ನೂ ಕೊಡುವುದಿಲ್ಲ. ಕೊನೆಯ ಕಾಲಂನಲ್ಲಿ ಕೆಲವು ಕಡೆ ‘ಗುಣ’ ಎಂದಿತ್ತು, ಬಹಳ ಕಡೆ ‘ಮತ್ತೆ ಬಂದಿಲ್ಲ’ ಎಂದಿತ್ತು.

“ಮೊದಲೆಲ್ಲ ಬಂದಿಲ್ಲ ಎಂದರೆ ಗುಣವಾಗಿರಬೇಕು ಎಂದುಕೊಳ್ಳುತ್ತಿದ್ದೆ” ಎಂದರು. ಎರಡು ವರ್ಷದಿಂದ ಭಾನುವಾರ ಸಂಜೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ನಂಬರುಗಳಿಗೆ ಫೋನ್ ಮಾಡಿಸುತ್ತಿದ್ದಾರೆ. ನಾನು ಕುಳಿತಿದ್ದಾಗಲೂ ಮಾಡಿಸಿದರು. ಒಬ್ಬರು ಚೆನ್ನಾಗಿದ್ದೇನೆ ಎಂದರು. ಒಬ್ಬರು ಮಣಿಪಾಲಕ್ಕೆ ಹೋಗಿದ್ದೆವು ಎಂದರು. ಮೂರನೆಯ ಫೋನನ್ನು ಬೇರೆ ಯಾರೋ ಎತ್ತಿಕೊಂಡರು. ಹುಡುಗಿ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಅಜ್ಜನ ಮುಖ ನೋಡಿ, ಫೋನನ್ನು ಅವರ ಕೈಗೆ ಕೊಟ್ಟಳು. ಅವರು ಏನಾಯಿತು, ಯಾವಾಗ, ಮೈ ಹಳದಿಯಾಗಿತ್ತೇ, ಮೂತ್ರ ಸರಿಯಾಗಿ ಹೋಗುತ್ತಿತ್ತೇ ಎಂದು ಮೆಲ್ಲಗೆ ಕೇಳಿದರು. ಆಮೇಲೆ ಪೆನ್ನು ತೆಗೆದು, ‘ಮತ್ತೆ ಬಂದಿಲ್ಲ’ ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕಾರಣವನ್ನೂ ತಾರೀಖನ್ನೂ ಬರೆದುಕೊಂಡರು.